ಕಡಲ ಹಕ್ಕಿಯ ಎಣ್ಣೆ ತೊಳೆದವರು

ಅವರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವುದೋ ಎಮ್ಮೆ ಗೋಡೆಗೆ ಒತ್ತಿ ಜಜ್ಜಿಬಿಟ್ಟಿತ್ತಂತೆ. ಅಂದಿನಿಂದ ಕಾಫಿ ಲೋಟ ಹಿಡಿದರೂ, ಪೆನ್ನು ಹಿಡಿದರೂ, ಹಸುವಿನ ಬಾಲ ಹಿಡಿದರೂ ಆ ಬೆರಳೊಂದು ನೆಟ್ಟಗೆ ಹೊರಗೆ ನಿಂತಿರುತ್ತಿತ್ತು. ಗೊತ್ತಿಲ್ಲದವರು ಅದನ್ನು ಶೋಕಿ ಅಂದುಕೊಳ್ಳುತ್ತಿದ್ದರು. ಶೋಕಿಯಂತೆ! ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸ್ ಏರಿಸಿಕೊಂಡು, ಕೊಟ್ಟಿಗೆಯ ಗಂಜಳದಲ್ಲಿ ಮಂಡಿಯೂರಿ, ಅಡ್ಡ ಸಿಕ್ಕಿಕೊಂಡ ಕರುವನ್ನು ಈಚೆಗೆ ಎಳೆಯುವ ಹೆಂಗಸಿಗೆ ಎಂಥ ಶೋಕಿ ಇರುತ್ತದೆ ಹೇಳಿ.

ಹಳೇಬೀಡಿನ ಪಶು ಆಸ್ಪತ್ರೆಗೆ ವರ್ಗವಾಗಿ ಬಂದ ಡಾಕ್ಟರು ಅವರು. ನಮ್ಮ ಮನೆಯ ಹಿಂಭಾಗದ ಎರಡು ಕೋಣೆಯಲ್ಲಿ ಬಾಡಿಗೆಗಿದ್ದರು. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು, ಹಾಗಾಗಿ ಅವರಿಗೆ ನಾನು ಟೀಚರ್. ನನಗೂ ಊರಿಗೂ ಅವರು ಡಾಕ್ಟರಮ್ಮ. ಒಬ್ಬರೇ ಇದ್ದರು. ಮದುವೆ ಯಾಕಾಗಲಿಲ್ಲ ಎಂದು ಬಂದ ವಾರವೇ ನಮ್ಮ ಅತ್ತೆ ನೇರವಾಗಿ ಕೇಳಿದ್ದರು. "ಗೊತ್ತಿಲ್ಲ ಕಣಮ್ಮ, ಕೇಳಿ ಹೇಳ್ತೀನಿ" ಅಂದರು. ಯಾರನ್ನು ಕೇಳುತ್ತಾರೆ ಎಂದು ಅತ್ತೆಗೆ ಹೊಳೆಯುವಷ್ಟರಲ್ಲಿ ಸ್ಕೂಟರ್ ಹತ್ತಿ ಹೋಗಿಯಾಗಿತ್ತು.

ಈ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅವರ ಬಾಯಲ್ಲಿ ತಮಾಷೆಗೆ ಬಂದ ಮಾತಲ್ಲ. ರೈತರ ಎದುರಿಗೂ ಅದನ್ನೇ ಹೇಳುತ್ತಿದ್ದರು. ಹಸು ಮೇವು ಬಿಟ್ಟಿದೆ, ಕಾರಣ ತಿಳಿಯುತ್ತಿಲ್ಲ ಅಂದರೆ ತಿಳಿಯುತ್ತಿಲ್ಲ ಎಂದೇ ಹೇಳಿ, ಅಲ್ಲೇ ನಿಂತು ಯಾರಿಗಾದರೂ ಫೋನ್ ಮಾಡುತ್ತಿದ್ದರು. ಅದಕ್ಕೆ ನಮ್ಮ ಜನ ಕೊಟ್ಟ ಬಿರುದು ಏನು ಗೊತ್ತೇ? "ಗೊತ್ತಿಲ್ದ ಡಾಕ್ಟ್ರು." ಹೊಟ್ಟೆ ಉರಿಯುತ್ತಿತ್ತು ನನಗೆ. ಯಾವ ರೋಗಕ್ಕೂ ಒಂದೇ ಪುಡಿ ಕೊಡುವ, ಯಾವ ಪ್ರಶ್ನೆಗೂ ತಡವರಿಸದ ನಾಟಿ ಪಂಡಿತನ ಮನೆ ಮುಂದೆ ಸಾಲು ನಿಲ್ಲುತ್ತಿದ್ದರು. ಅವನ ಕೈಯಲ್ಲಿ ದನ ಸತ್ತರೆ ಹಣೆಬರಹ, ಇವರ ಕೈಯಲ್ಲಿ ಸತ್ತರೆ ಡಾಕ್ಟರಮ್ಮನ ತಪ್ಪು. ಇದು ಯಾವ ಸೀಮೆಯ ನ್ಯಾಯವೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಔಷಧಿ ಪೆಟ್ಟಿಗೆ ತೆರೆಯುವ ಮೊದಲು "ಇದು ಎಲ್ಲಿಯದು?" ಎಂದು ಕೇಳುತ್ತಿದ್ದರು. ಯಾವ ಸಂತೆಯಲ್ಲಿ ಕೊಂಡದ್ದು, ಅಲ್ಲಿ ಏನು ಮೇಯುತ್ತಿತ್ತು, ಎಂಥ ನೀರು ಕುಡಿಯುತ್ತಿತ್ತು, ಎಲ್ಲ ಹೇಳಬೇಕು. "ಎಲ್ಲಿಯದು ಅಂತ ಗೊತ್ತಾಗ್ದೆ ಔಷಧಿ ಕೊಡೋದು, ಯಾರದೋ ಕಾಗದಕ್ಕೆ ಇನ್ಯಾರದೋ ವಿಳಾಸ ಬರೆದ ಹಾಗೆ ಟೀಚರ್" ಅನ್ನುತ್ತಿದ್ದರು. ರೈತರು ಸಿಡಿಮಿಡಿಗೊಳ್ಳುತ್ತಿದ್ದರು. "ಹಸಾ ಬಿದ್ದೋಗೈತೆ, ಈಯಮ್ಮ ಅದರ ಜಾತಕ ಕೇಳ್ತಾಳೆ" ಎಂದು ಒಬ್ಬರು ನಮ್ಮ ಗೇಟಿನಲ್ಲೇ ಬೈದುಕೊಂಡು ಹೋದದ್ದನ್ನು ನಾನೇ ಕೇಳಿದ್ದೇನೆ.

ಆ ಆಷಾಢದ ವಿಷಯ ಹೇಳಬೇಕು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಆಷಾಢ ಅಂದ ಮೇಲೆ ಗಾಳಿ ಇದ್ದದ್ದೇ. ಆದರೆ ಆ ವರ್ಷದ ಗಾಳಿ ಬೇರೆಯದಾಗಿತ್ತು. ಕರಾವಳಿಯ ಕಡೆ ಚಂಡಮಾರುತ ಎಂದು ಟೀವಿಯಲ್ಲಿ ಹೇಳುತ್ತಿದ್ದರು, ಇಲ್ಲಿ ನಮಗೆ ತೆಂಗಿನ ಗರಿ ಉದುರಿ ದಾರಿಯೆಲ್ಲ ಮುಚ್ಚಿತ್ತು, ಕರೆಂಟು ಹೋಗಿತ್ತು. ಗಾಳಿ ಸ್ವಲ್ಪ ಇಳಿದ ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳ ಬಾಯಲ್ಲೆಲ್ಲ ಒಂದೇ ಸುದ್ದಿ: ಯಜಮಾನರ ತೋಟದಲ್ಲಿ ಗರುಡ ಬಿದ್ದಿದೆಯಂತೆ.

ಯಜಮಾನರು ಅಂದರೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡವರು. ಹಳೇಬೀಡಿನ ಕೆರೆ ಏರಿಯ ಕೆಳಗೆ ಅವರ ತೆಂಗಿನ ತೋಟ, ತೋಟದಲ್ಲೇ ಮನೆ, ಎಣ್ಣೆಯ ಗಾಣ. ಊರಿನ ಯಾವ ಕೆಲಸಕ್ಕೂ ಅವರದೇ ಮುಂದಾಳತ್ವ. ಒಳ್ಳೆಯವರಲ್ಲ ಎಂದು ಹೇಳಲಾರೆ. ಕೈ ಎತ್ತಿ ಕೊಡುವ ಮನುಷ್ಯ, ಎದುರಿಗೆ ಸಿಕ್ಕರೆ ಊಟ ಆಯಿತೇ ಎಂದು ಕೇಳದೆ ಬಿಡುವವರಲ್ಲ. ಆದರೆ ಹುಟ್ಟಿದಾರಭ್ಯ ಒಂದು ಸಲವಾದರೂ ಅವರ ಬಾಯಿಂದ "ನಂಗೆ ಗೊತ್ತಿಲ್ಲ" ಎಂಬ ಮಾತು ಹೊರಟದ್ದನ್ನು ಕೇಳಿದವರಿಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳಿದವಳು ನಾನೇ. ಇಬ್ಬರೂ ಸ್ಕೂಟರಿನಲ್ಲಿ ತೋಟಕ್ಕೆ ಹೋದೆವು. ಹಜಾರದ ಕುರ್ಚಿಯ ಮೇಲೆ ರೇಷ್ಮೆ ಶಲ್ಯ ಹಾಸಿ ಹಕ್ಕಿಯನ್ನು ಕೂರಿಸಿದ್ದರು. ತಲೆಗೆ ಕುಂಕುಮ. ಮುಂದೆ ಊದುಬತ್ತಿ. ಒಂದು ಬಟ್ಟಲಲ್ಲಿ ಹಾಲು. ಸುತ್ತ ಜನ, ಎಲ್ಲರ ಕೈಯಲ್ಲೂ ಮೊಬೈಲು. ಹಕ್ಕಿ ನೋಡಿದರೆ ಕಂದುಗಪ್ಪು ಬಣ್ಣ, ಕಾಗೆಯಷ್ಟು ಮೈ, ಆದರೆ ರೆಕ್ಕೆ ಮಾತ್ರ ಮೈಗೆ ಹೊಂದದಷ್ಟು ಉದ್ದ. ಕೊಕ್ಕಿನ ತುದಿಯಲ್ಲಿ ಕೊಕ್ಕೆ, ಕೊಕ್ಕಿನ ಮೇಲೆ ಎರಡು ಪುಟ್ಟ ನಳಿಗೆ. ಕಾಲ್ಬೆರಳ ನಡುವೆ ಬಾತುಕೋಳಿಗಿರುವಂಥ ಚರ್ಮ. ಗರುಡನ ಕಾಲಲ್ಲಿ ಇಂಥ ಚರ್ಮ ಇರುತ್ತದೆಯೇ ಎಂದು ಅಲ್ಲಿ ಒಬ್ಬರಾದರೂ ಕೇಳಬಾರದೇ! ಇಲ್ಲ. ಎಲ್ಲರೂ ಕೈ ಮುಗಿಯುತ್ತಿದ್ದರು.

ಹಕ್ಕಿಯ ಮೈ ಪೂರ್ತಿ ಜಿಡ್ಡಾಗಿ ಮಿನುಗುತ್ತಿತ್ತು. ಗರಿಗಳು ಒಂದಕ್ಕೊಂದು ಅಂಟಿ ಹಳದಿಯಾಗಿದ್ದವು.

"ಏನು ಹಚ್ಚಿದೀರಾ ಇದಕ್ಕೆ?" ಡಾಕ್ಟರಮ್ಮ ಕೇಳಿದರು.

"ಕೊಬ್ಬರಿ ಎಣ್ಣೆ, ಅರಿಶಿನ. ನಮ್ಮ ಗಾಣದ್ದೇ, ಕಲಬೆರಕೆ ಇಲ್ಲ" ಅಂದರು ಯಜಮಾನರು. "ಬಿದ್ದ ಏಟಿಗೆ ಮೈಯೆಲ್ಲಾ ನೋವಾಗಿರ್ತೈತೆ ಡಾಕ್ಟ್ರಮ್ಮ. ನಾನೇ ನೀವಿ ನೀವಿ ಹಚ್ಚಿದೀನಿ. ನೋಡಿ, ಕಣ್ಣೀರು ಹಾಕ್ತಾ ಐತೆ ಪಾಪ."

ಹಕ್ಕಿಯ ಕೊಕ್ಕಿನ ತುದಿಯಿಂದ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ಯಜಮಾನರ ಕಣ್ಣಲ್ಲೂ ನೀರಿತ್ತು. ಅದು ನಾಟಕವಲ್ಲ, ನಿಜವಾದ ನೀರು. ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು ಬರುವುದು. ಕೆಟ್ಟವರು ಕೆಡಿಸಿದರೆ ಬೈಯಬಹುದು. ಅಳುತ್ತಾ ಕೆಡಿಸುವವರನ್ನು ಏನೆಂದು ಬೈಯುವುದು?

ಡಾಕ್ಟರಮ್ಮ ಬೆರಳಿಗೆ ಹನಿ ತಾಗಿಸಿ ನಾಲಿಗೆಗೆ ಮುಟ್ಟಿಸಿಕೊಂಡರು. ಜನ ಥೂ ಎಂದರು. "ಉಪ್ಪು" ಅಂದರು ನನ್ನ ಕಡೆ ತಿರುಗಿ. ಯಾವ ಹಕ್ಕಿ ಇದು ಎಂದು ಯಾರೋ ಕೇಳಿದರು. ಡಾಕ್ಟರಮ್ಮನ ಉತ್ತರ ನಿಮಗೆ ಗೊತ್ತೇ ಇದೆ. ಹಜಾರದ ತುಂಬ ಕಿಸಕಿಸ. ಎತ್ತಿಕೊಳ್ಳಲು ಹೋದರೆ ಹಕ್ಕಿ ಅವರ ನೆಟ್ಟನೆಯ ಕಿರುಬೆರಳನ್ನು ಕಚ್ಚಿತು, ಹೊಟ್ಟೆಯಿಂದ ಕೆಂಪಗಿನ ನಾರುವ ಎಣ್ಣೆ ಕಕ್ಕಿ ಅವರ ಸೀರೆ ಕೆಡಿಸಿತು. ಕೈ ಮುಗಿಯುತ್ತಿದ್ದವರೆಲ್ಲ ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದರು. ಡಾಕ್ಟರಮ್ಮ ಮಾತ್ರ ಬಿಡಲಿಲ್ಲ. ಟವೆಲ್ಲಿನಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿ ಸ್ಕೂಟರ್ ಹೊರಡಿಸಿದರು.

ಅರಣ್ಯದ ಗಾರ್ಡಿಗೆ ಹೇಳಿ ಕಳಿಸಿದ್ದಾಯಿತು. ಅವರು ಬಂದು ನೋಡಿ, ತಲೆ ಕೆರೆದುಕೊಂಡು, "ಚಿರತೆಗಾದ್ರೆ ಬೋನು ಐತೆ ಮೇಡಂ. ಇದಕ್ಕೆ ನೀವೇ ಏನಾದ್ರೂ ಮಾಡಿ, ನಾನು ಆಫೀಸಿಗೆ ತಿಳಿಸಿರ್ತೀನಿ" ಎಂದು ಹೋದರು. ಡಾಕ್ಟರಮ್ಮ ಫೋಟೋ ತೆಗೆದು, ಮಂಗಳೂರಿನ ಕಡೆ ಮೀನುಗಾರಿಕೆ ಪಾಠ ಹೇಳುತ್ತಿದ್ದ ತಮ್ಮ ಹಳೆಯ ಸಹಪಾಠಿಗೆ ಕಳಿಸಿದರು. ಆತ ಇನ್ಯಾರಿಗೋ ಕಳಿಸಿದರು. ಸಂಜೆಗೆ ಉತ್ತರ ಬಂತು.

"ಪೆಟ್ರೆಲ್ ಅಂತೆ ಟೀಚರ್. ನಡುಗಡಲಿನ ಹಕ್ಕಿ. ಅದರಲ್ಲಿ ಯಾವ ಪೆಟ್ರೆಲ್ ಅನ್ನೋದರ ಬಗ್ಗೆ ಅವರವರಲ್ಲೇ ಜಗಳ ಹತ್ತಿದೆ" ಅಂದರು. ಆಮೇಲೆ ಜೋರಾಗಿ ನಕ್ಕರು. "ಇದರ ಬಳಗಕ್ಕೆ ಇಂಗ್ಲಿಷಿನಲ್ಲಿ ದನಕ್ಕೆ ಕಚ್ಚೋ ದೊಡ್ಡ ನೊಣದ ಹೆಸರು ಇಟ್ಟಿದಾರಂತೆ. ಆ ನೊಣ ಕಚ್ಚಿದ ಹಸು ಹೆಂಗೆ ಅಡ್ಡಾದಿಡ್ಡಿ ಓಡುತ್ತೆ, ಹಂಗೆ ಇದು ಗಾಳಿಯಲ್ಲಿ ಮೇಲಕ್ಕೆ ಹಾರಿ, ತಿರುಗಿ, ಜಾರಿ ಹೋಗುತ್ತಂತೆ. ಹಂಗಾದ್ರೆ ಇದು ನನ್ನ ಇಲಾಖೆದೇ ಆಯ್ತಲ್ಲ ಕಣ್ರೀ!"

ಅದೇ ಫೋನಿನಲ್ಲಿ ಇನ್ನೊಂದು ಮಾತೂ ಬಂದಿತ್ತು. ಈ ಹಕ್ಕಿ ಮೊಟ್ಟೆ ಇಡುವುದಕ್ಕೆ ಬಿಟ್ಟರೆ ನೆಲಕ್ಕೆ ಬರುವುದೇ ಇಲ್ಲ. ಹಾರಿ ದಣಿದರೆ ನೀರಿನ ಮೇಲೇ ಕೂರಬೇಕು. ಗರಿ ನೀರನ್ನು ತಡೆಯಬೇಕು. ಎಣ್ಣೆ ಹತ್ತಿದ ಗರಿ ನೀರು ಹೀರುತ್ತದೆ. ಹೀಗೇ ಬಿಟ್ಟರೆ ಕಡಲಿನಲ್ಲಿ ಕೂತ ಮೊದಲನೇ ಸಲವೇ ನೆನೆದು ಮುಳುಗುತ್ತದೆ.

ಗಾಳಿ ಅದನ್ನು ಅಷ್ಟು ದೂರದಿಂದ ಎತ್ತಿ ತಂದು ಹಾಕಿತ್ತು. ಒಂದು ರೆಕ್ಕೆಯೂ ಮುರಿದಿರಲಿಲ್ಲ. ಬಿರುಗಾಳಿ ಮಾಡದ ಕೇಡನ್ನು ಒಂದು ಬಟ್ಟಲು ಎಣ್ಣೆ ಮಾಡಿತ್ತು. ಇದನ್ನು ಕೇಳಿ ನಾನು ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಯಜಮಾನರ ವಂಶವನ್ನೆಲ್ಲ ಜಾಲಾಡಿಬಿಟ್ಟೆ. ಡಾಕ್ಟರಮ್ಮ ತಲೆ ಎತ್ತದೆ, "ಬೈಯೋದು ಆದ್ಮೇಲೆ ಹಂಡೆಗೆ ಬೆಂಕಿ ಹಾಕಿ ಟೀಚರ್" ಅಂದರು.

ಆ ವಾರ ನಮ್ಮ ಬಚ್ಚಲುಮನೆ ಅವರದಾಯಿತು. ಅತ್ತೆ ಸೀಗೇಕಾಯಿ ಪುಡಿ ತಂದುಕೊಟ್ಟರು. "ಸೀಗೇಕಾಯಿ ಆಗುತ್ತೋ ಇಲ್ವೋ ಗೊತ್ತಿಲ್ಲಮ್ಮ, ಕೇಳ್ತೀನಿ" ಎಂದು ಕೇಳಿ, ಬೇಡವಂತೆ ಎಂದು ಪಾತ್ರೆ ತೊಳೆಯುವ ದ್ರಾವಣ ಬಳಸಿದರು. ಉಗುರುಬೆಚ್ಚಗಿನ ನೀರಿನಲ್ಲಿ ಗರಿ ಗರಿಯಾಗಿ ತೊಳೆಯುವುದು, ಬಿಸಿ ಬೂದಿಯ ಹತ್ತಿರ ಬುಟ್ಟಿಯಲ್ಲಿ ಒಣಗಲು ಬಿಡುವುದು, ಆಮೇಲೆ ನೀರಿನ ತೊಟ್ಟಿಯಲ್ಲಿ ತೇಲಿಸಿ ನೋಡುವುದು. ಮೊದಲ ಸಲ ಬಿಟ್ಟಾಗ ಹಕ್ಕಿ ಒದ್ದೆ ಬಟ್ಟೆಯಂತೆ ಕೆಳಗಿಳಿಯಿತು. ಡಾಕ್ಟರಮ್ಮ ತಕ್ಷಣ ಎತ್ತಿಕೊಂಡು ಎದೆಗೆ ಒತ್ತಿಕೊಂಡರು. ಅವರ ಮುಖದಲ್ಲಿ ನಾನು ಎಂದೂ ಕಾಣದ ಭಯ ಕಂಡೆ. ಕರು ಸತ್ತಾಗಲೂ ಅಷ್ಟು ಹೆದರಿದವರಲ್ಲ.

ಸಸ್ಯಾಹಾರಿಗಳ ಮನೆ ನಮ್ಮದು. ಹಾಸನದಿಂದ ಐಸಿನಲ್ಲಿಟ್ಟ ಬೂತಾಯಿ ಮೀನು ಬಂತು. ಅತ್ತೆ ಏನೆನ್ನುತ್ತಾರೋ ಎಂದು ನಾನು ಹೆದರಿದ್ದೆ. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ನೋಡಿ, "ಬಚ್ಚಲಲ್ಲಿ ತಾನೆ, ಹಾಕು. ದಿಕ್ಕು ತಪ್ಪಿ ಬಂದಿರೋದಕ್ಕೆ ಅನ್ನ ಸಾರು ಬಡಿಸೋಕಾಗುತ್ತಾ?" ಅಂದುಬಿಟ್ಟರು. ಆ ಮುದುಕಿಗೆ ಇದ್ದಷ್ಟು ವಿವೇಕ ಆ ಹಜಾರದ ತುಂಬ ನಿಂತವರಲ್ಲಿ ಒಬ್ಬರಿಗಿದ್ದಿದ್ದರೂ ಸಾಕಿತ್ತು.

ಹಕ್ಕಿ ಒಣಗುವವರೆಗೆ ಡಾಕ್ಟರಮ್ಮ ಬಚ್ಚಲ ಹೊಸಿಲ ಮೇಲೆ ಕೂತು, ಫೋನಿನಲ್ಲಿ ಕೇಳಿದ್ದನ್ನೆಲ್ಲ ನನಗೆ ಹೇಳುತ್ತಿದ್ದರು. ಸಮುದ್ರದ ಉಪ್ಪು ನೀರನ್ನೇ ಕುಡಿಯುತ್ತದಂತೆ, ಹೆಚ್ಚಾದ ಉಪ್ಪನ್ನು ಮೂಗಿನ ನಳಿಗೆಯಿಂದ ಹೊರಗೆ ಬಿಡುತ್ತದಂತೆ. ಯಜಮಾನರು ಕಂಡ ಕಣ್ಣೀರು ಅದೇ. ಎಲ್ಲೋ ದೂರದ ದ್ವೀಪದಲ್ಲಿ ಬಿಲದೊಳಗೆ ವರ್ಷಕ್ಕೆ ಒಂದೇ ಮೊಟ್ಟೆ ಇಡುವುದು, ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂರುವುದು. ಮರಿ ಒಮ್ಮೆ ಬಿಲ ಬಿಟ್ಟು ಹಾರಿದರೆ ವರ್ಷಗಟ್ಟಲೆ ನೆಲ ಮುಟ್ಟುವುದಿಲ್ಲ, ಆಮೇಲೆ ತಾನು ಹುಟ್ಟಿದ ದ್ವೀಪವನ್ನೇ ಹುಡುಕಿಕೊಂಡು ಬರುತ್ತದೆ. ದಾರಿ ಗುರುತಿಸುವುದಕ್ಕೆ ವಾಸನೆಯೂ ನೆರವಾಗುತ್ತದಂತೆ. "ನಮ್ಮೋರು ಅದರ ಮೂಗಿಗೇ ಊದುಬತ್ತಿ ಹಚ್ಚಿಟ್ಟಿದ್ರು ನೋಡಿ" ಅಂದರು.

ಮತ್ತೆ ತೊಳೆದರು, ಮತ್ತೆ ಒಣಗಿಸಿದರು. ತೊಟ್ಟಿಯ ನೀರಿಗೆ ಕಲ್ಲುಪ್ಪು ಸುರಿದು ತೇಲಿಸಿದರು. ಹಕ್ಕಿ ತಾನೇ ಕೊಕ್ಕಿನಿಂದ ಗರಿ ತೀಡಿಕೊಳ್ಳಲು ಶುರುಮಾಡಿತು. ಶನಿವಾರ ಮಧ್ಯಾಹ್ನ ತೊಟ್ಟಿಯಲ್ಲಿ ಬಿಟ್ಟರೆ ಮೇಲೇ ನಿಂತಿತು. ಕೆಸುವಿನ ಎಲೆಯ ಮೇಲೆ ಜಾರುವಂತೆ ಅದರ ಬೆನ್ನ ಮೇಲಿನ ನೀರು ಉರುಳಿ ಉರುಳಿ ಹೋಗುತ್ತಿತ್ತು. ಡಾಕ್ಟರಮ್ಮ ನೆಲದ ಮೇಲೇ ಕೂತು ಕಾಲು ಚಾಚಿದರು. "ಒಂದು ಲೋಟ ಕಾಫಿ ಕೊಡಿ ಟೀಚರ್" ಅಂದರು. ಆ ವಾರದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಕಾಫಿ ಮುಗಿಯುವ ಮೊದಲೇ ಯಜಮಾನರು ಬಂದರು. ಭಾನುವಾರ ಕೆರೆಯಲ್ಲಿ ಹಕ್ಕಿ ಬಿಡುವ ಕಾರ್ಯಕ್ರಮ ಗೊತ್ತುಮಾಡಿದ್ದರು. ಶಾಮಿಯಾನಕ್ಕೆ ಹೇಳಿಯಾಗಿತ್ತು, ಪೇಪರಿನವರಿಗೂ ಹೇಳಿಯಾಗಿತ್ತು.

"ಅದು ಸಮುದ್ರದ ಹಕ್ಕಿ ಯಜಮಾನ್ರೇ" ಅಂದರು ಡಾಕ್ಟರಮ್ಮ.

"ನಮ್ಮ ಕೆರೆ ಹೆಸರೂ ಸಮುದ್ರಾನೇ ಅಲ್ವಾ? ರಾಜರು ಸುಮ್ನೆ ಇಟ್ಟಿದ್ರಾ ಹೆಸ್ರಾ? ನೀರಿನ ಹಕ್ಕಿ, ನೀರಿಗೆ ಬಿಟ್ರೆ ಸಾಕು. ಅದು ನಮ್ಮೂರು ಹುಡುಕ್ಕೊಂಡು ಬಂದೈತೆ. ಇಲ್ಲೇ ಇರ್ಲಿ."

"ಇಲ್ಲಿ ಬಿಟ್ಟರೆ ಸಾಯುತ್ತೆ. ಅದು ತಿನ್ನೋದು ಇಲ್ಲಿಲ್ಲ, ಕುಡಿಯೋದು ಇಲ್ಲಿಲ್ಲ. ನೆಲಕ್ಕೆ ಬಿದ್ದರೆ ಎದ್ದು ಹಾರೋಕೆ ಎದುರಿಗೆ ಕಡಲ ಗಾಳಿ ಬೇಕು."

"ಹಕ್ಕಿ ಹೆಸರೇ ಸರಿಯಾಗಿ ಗೊತ್ತಿಲ್ಲ ಅಂದೋರು ನೀವು. ಅದು ಸಾಯೋದು ಮಾತ್ರ ಹೆಂಗೆ ಗೊತ್ತಾಯ್ತು?"

ನನಗೆ ಮೈಯೆಲ್ಲ ಉರಿದುಹೋಯಿತು. ಮುಂದಕ್ಕೆ ಬಂದು ಏನೋ ಹೇಳಹೊರಟೆ. ಡಾಕ್ಟರಮ್ಮ ಕೈ ಅಡ್ಡ ಇಟ್ಟು, "ಕೇಳಿ ತಿಳ್ಕೊಂಡೆ" ಎಂದಷ್ಟೇ ಹೇಳಿದರು. ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಭಾನುವಾರ ಅವರ ರಜೆಯ ದಿನ. ಇದನ್ನು ನೆನಪಿಟ್ಟುಕೊಳ್ಳಿ, ಊರು ಇದನ್ನು ಮರೆತಿದೆ. ಬೇಲೂರಿನ ಡಾಕ್ಟರಿಗೆ ಹೇಳಿ, ಅವರ ನಂಬರನ್ನು ಆಸ್ಪತ್ರೆಯ ಬಾಗಿಲಿಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ, ಬೆಳಕು ಹರಿಯುವಾಗ ನಾವಿಬ್ಬರೂ ಹೊರಟೆವು. ತೂತು ಮಾಡಿದ ರಟ್ಟಿನ ಡಬ್ಬ ಡಾಕ್ಟರಮ್ಮನ ಮಡಿಲಲ್ಲಿ. ಹಾಸನದಲ್ಲಿ ಮಂಗಳೂರಿನ ಸರ್ಕಾರಿ ಬಸ್ಸು ಹತ್ತಿದರೆ ಕಂಡಕ್ಟರು ಡಬ್ಬ ನೋಡಿ ನಿಂತರು.

"ಏನ್ರಮ್ಮಾ ಅದು, ಕೋಳಿನಾ? ಕೋಳಿಗೆ ಅರ್ಧ ಟಿಕೆಟ್ ಆಗುತ್ತೆ."

"ಕೋಳಿ ಅಲ್ಲ ರೀ, ನಡುಗಡಲ ಹಕ್ಕಿ" ಎಂದು ನಾನು ಜಗಳಕ್ಕೇ ನಿಂತೆ.

"ಹಕ್ಕಿಗೆ ಮಿಷಿನ್ನಲ್ಲಿ ಆಪ್ಷನ್ ಇಲ್ಲಮ್ಮ. ಕೋಳಿಗೆ ಮಾತ್ರ ಐತೆ."

"ಕೋಳಿ ಅಂತಲೇ ಕೊಡಿ" ಎಂದರು ಡಾಕ್ಟರಮ್ಮ. ನನ್ನ ಕಡೆ ಬಗ್ಗಿ, "ಒಂದು ಕಡೆ ಗರುಡ, ಇನ್ನೊಂದು ಕಡೆ ಕೋಳಿ. ಏನಾದ್ರೂ ಅನ್ಕೊಳ್ಳಲಿ, ಮನೆ ಸೇರಲಿ" ಅಂದರು. ಘಾಟಿಯ ತಿರುವುಗಳಲ್ಲಿ ಡಬ್ಬ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಆ ಕಿರುಬೆರಳೊಂದು ಮಾತ್ರ ಎಂದಿನಂತೆ ಹೊರಗಿತ್ತು, ಅದರ ಮೇಲೆ ಹಕ್ಕಿ ಕಚ್ಚಿದ ಗಾಯ ಇನ್ನೂ ಮಾಸಿರಲಿಲ್ಲ.

ಮಳೆಗಾಲ, ದೋಣಿಗಳು ಕಡಲಿಗಿಳಿಯದ ಕಾಲ. ಸಹಪಾಠಿ ಬಸ್ ನಿಲ್ದಾಣಕ್ಕೆ ಬಂದು ನಮ್ಮನ್ನು ನದಿ ಸಮುದ್ರ ಸೇರುವ ಕಡೆಗೆ, ನೀರಿನೊಳಕ್ಕೆ ಚಾಚಿದ್ದ ಕಲ್ಲಿನ ತಡೆಗೋಡೆಯ ಹತ್ತಿರಕ್ಕೆ ಕರೆದೊಯ್ದರು. ಗಾಳಿ ಎಂದರೆ ಗಾಳಿ, ನಿಂತರೆ ಸೀರೆ ನಿಲ್ಲದು. ಡಾಕ್ಟರಮ್ಮ ಡಬ್ಬದ ಮುಚ್ಚಳ ತೆಗೆದರು. ನಮ್ಮ ಬಚ್ಚಲುಮನೆಯಲ್ಲಿ ಕುಕ್ಕರಗಾಲಲ್ಲಿ ತೂಕಡಿಸುತ್ತಿದ್ದ ಹಕ್ಕಿ ಅದೇ ಹೌದೋ ಅಲ್ಲವೋ ಎನ್ನುವಂತೆ ಕತ್ತೆತ್ತಿತು. ಕೊಕ್ಕು ಗಾಳಿಯ ಕಡೆ ತಿರುಗಿತು. ಅವರು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಎಸೆಯಲಿಲ್ಲ, ಸುಮ್ಮನೆ ಅಂಗೈ ಬಿಚ್ಚಿದರು.

ಮೊದಲು ಕೆಳಗೆ ಹೋಯಿತು. ಅಲೆಯ ಹಿಂದೆ ಕಾಣದಾಯಿತು. ನಾನು ಅಯ್ಯೋ ಎಂದು ಕೂಗಿದೆ. ಆಮೇಲೆ ದೂರದಲ್ಲಿ ಎದ್ದಿತು ನೋಡಿ, ರೆಕ್ಕೆ ಬಡಿಯದೆ, ಗಾಳಿಯ ಮೇಲೆ ಓರೆಯಾಗಿ ಮೇಲಕ್ಕೆ ಮೇಲಕ್ಕೆ ಹತ್ತಿ, ತಿರುಗಿ, ಜಾರಿ, ನೀರನ್ನು ಸವರಿ, ಮತ್ತೆ ಮೇಲಕ್ಕೆ. ಕುರ್ಚಿಯ ಮೇಲೆ ಕುಂಕುಮ ಬಳಿಸಿಕೊಂಡು ಕೂತಿದ್ದ ಹಕ್ಕಿ ಇದು ಎಂದರೆ ಯಾರು ನಂಬುತ್ತಾರೆ! ಡಾಕ್ಟರಮ್ಮ ಹುಚ್ಚು ಹಿಡಿದವರ ಹಾಗೆ ನಗುತ್ತಿದ್ದರು. "ನೊಣ ಕಚ್ಚಿದ ಹಸು, ನೊಣ ಕಚ್ಚಿದ ಹಸು!" ಎಂದು ಆ ಗಾಳಿಯಲ್ಲಿ ಕೂಗುತ್ತಿದ್ದರು. ಮುಖದ ಮೇಲೆ ನೀರಿತ್ತು, ಕಡಲಿನದೋ ಅವರದೋ ಹೇಳಲಾರೆ.

ನಾವು ಊರು ತಲುಪುವ ಹೊತ್ತಿಗೆ ಯಜಮಾನರ ಹಸು ಸತ್ತಿತ್ತು.

ಹಸಿ ಮೇವು ಹೆಚ್ಚಾಗಿ ತಿಂದು ಹೊಟ್ಟೆ ಉಬ್ಬರಿಸಿತ್ತಂತೆ. ಡಾಕ್ಟರಮ್ಮನಿಗೆ ಫೋನ್ ಮಾಡಿದ್ದಾರೆ, ಘಾಟಿಯಲ್ಲಿ ಸಿಗ್ನಲ್ ಇರಲಿಲ್ಲ. ಬಾಗಿಲ ಮೇಲೆ ಬರೆದಿದ್ದ ಬೇಲೂರಿನ ನಂಬರಿಗೆ ಮಾಡಿದರೇ? ಇಲ್ಲ. ತಾವೇ ಹಸುವಿನ ಮುಖ ಮೇಲಕ್ಕೆತ್ತಿಸಿ, ನಾಲಿಗೆ ಹೊರಗೆಳೆಸಿ, ಬಿದಿರಿನ ಗೊಟ್ಟದಲ್ಲಿ ಕೊಬ್ಬರಿ ಎಣ್ಣೆ ಹುಯ್ಯಿಸಿದ್ದಾರೆ. ಮತ್ತೆ ಎಣ್ಣೆ! ಹೀಗೆ ಕತ್ತೆತ್ತಿ ಗೊಟ್ಟ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ ಎಂದು ಡಾಕ್ಟರಮ್ಮ ಹಳ್ಳಿ ಹಳ್ಳಿಯಲ್ಲಿ ಗಂಟಲು ಹರಿದುಕೊಂಡಿದ್ದರು. ಆ ತೋಟದಲ್ಲೂ ಹೇಳಿದ್ದರು.

ಬಸ್ ನಿಲ್ದಾಣದಲ್ಲೇ ಸುದ್ದಿ ಕೇಳಿ ಡಾಕ್ಟರಮ್ಮ ಮನೆಗೂ ಬರದೆ ನೇರ ಅಲ್ಲಿಗೇ ಹೋದರು, ನಾನೂ ಜೊತೆಗೆ ಹೋದೆ. ಹಸುವಿನ ಮೂಗಿನಿಂದ ಎಣ್ಣೆ ಇಳಿದಿತ್ತು. ಡಾಕ್ಟರಮ್ಮ ಮಂಡಿಯೂರಿ ನೋಡಿ ಎದ್ದರು.

"ಎಣ್ಣೆ ಶ್ವಾಸಕೋಶಕ್ಕೆ ಹೋಗಿದೆ ಯಜಮಾನ್ರೇ."

"ನೀವು ಊರಲ್ಲಿದ್ದಿದ್ರೆ ನಾನ್ಯಾಕೆ ಎಣ್ಣೆ ಹಾಕ್ತಿದ್ದೆ?" ಅಂದರು ಹಸುವಿನ ಕತ್ತು ಸವರುತ್ತಾ. ಪ್ರೀತಿಯಿಂದ ಸಾಕಿದ ಹಸು ಅದು.

ಡಾಕ್ಟರಮ್ಮ ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತಾ, "ಅದೂ ನಿಜವೇ" ಅಂದುಬಿಟ್ಟರು.

ಏನು ನಿಜ? ಯಾವ ನಿಜ? ದಾರಿಯುದ್ದಕ್ಕೂ ನಾನು ಅವರ ಮೇಲೇ ಹರಿಹಾಯ್ದೆ. ಭಾನುವಾರ ರಜೆ, ಬದಲಿ ಡಾಕ್ಟರಿಗೆ ಹೇಳಿಟ್ಟಿದ್ದೀರಿ, ಅವರು ಕರೆಯಲಿಲ್ಲ, ಅದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವುದು ಬಿಟ್ಟು ತಲೆ ಬಾಗಿಸಿ ಬಂದಿರಲ್ಲ ಎಂದೆ. "ಹಸು ಸತ್ತಿದೆ ಟೀಚರ್. ಸತ್ತ ಹಸುವಿನ ಪಕ್ಕ ನಿಂತು ನಾನು ಸರಿ ಅಂತ ವಾದ ಮಾಡ್ಲಾ?" ಅಂದರು. ಆದರೂ ನನ್ನ ಸಿಟ್ಟೇನೂ ಕಡಿಮೆಯಾಗಲಿಲ್ಲ.

ಮರುದಿನದಿಂದ ಶುರುವಾಯಿತು. ಹಕ್ಕಿ ಹಿಂದೆ ಹೋಗಿ ಹಸು ಸಾಯಿಸಿದರು. ಹೋಟೆಲಿನಲ್ಲಿ, ಬಸ್ ನಿಲ್ದಾಣದಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿ ಕೂಡ ಇದೇ ಮಾತು. ಊರಿನ ಗರುಡನನ್ನು ಕದ್ದು ಮಾರಿದರು ಎಂದೂ ಸೇರಿಸಿದರು. ಹೆಬ್ಬೆಟ್ಟು, ಸಹಿ ಎಲ್ಲ ಹಾಕಿಸಿ ಮೇಲಿನವರಿಗೆ ದೂರು ಹೋಯಿತು. ಅವರ ಕೈಯಲ್ಲಿ ಬದುಕಿದ ಹಸುಗಳ ಹಾಲನ್ನು ಇವತ್ತಿಗೂ ಡೈರಿಗೆ ಹಾಕುತ್ತಿರುವವರೂ ಸಹಿ ಹಾಕಿದ್ದರು. ನಾಚಿಕೆಯಾಗಬೇಕು! ನಿವೃತ್ತಿಗೆ ಇನ್ನೇನು ಸ್ವಲ್ಪ ಕಾಲ ಇದ್ದಾಗ ಅರಸೀಕೆರೆಯ ಆಚೆಯ ಕಣಕಟ್ಟೆಯ ಕಡೆಗೆ ವರ್ಗ ಮಾಡಿದರು. ಡಾಕ್ಟರಮ್ಮ ಒಬ್ಬರನ್ನೂ ಬೈಯಲಿಲ್ಲ. ಸಾಮಾನು ಕಟ್ಟುವಾಗ, "ಅಲ್ಲೂ ದನ ಇರ್ತಾವಲ್ಲ ಟೀಚರ್" ಎಂದರು. ನಮ್ಮ ಅತ್ತೆ ಸೀಗೇಕಾಯಿ ಪುಡಿಯ ಡಬ್ಬವನ್ನು ಅವರ ಚೀಲಕ್ಕೆ ಹಾಕಿ ಅತ್ತರು.

ನಿವೃತ್ತಿಯಾದ ಮೇಲೆ ಅರಸೀಕೆರೆಯಲ್ಲೇ ಸಣ್ಣ ಮನೆ ಮಾಡಿಕೊಂಡಿದ್ದರು. ಗಾಳಿ ಜೋರಾಗಿ ಬೀಸಿದ ದಿನ ಫೋನ್ ಮಾಡುತ್ತಿದ್ದರು. "ನಮ್ಮ ಹಕ್ಕಿ ಈಗ ಎಲ್ಲಿರಬಹುದು?" ಎಂದು ನಾನು ಕೇಳುವುದು, ಅವರು ಎಂದಿನ ಮಾತು ಹೇಳುವುದು, ಇಬ್ಬರೂ ನಗುವುದು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಬಾಗಿಲಿಗೆ ಬಂದವರು ಅಲ್ಲೇ ಕುಸಿದು ಹೋದರು. ಹೃದಯ ನಿಂತಿತ್ತು. ನಾನು ಹೋಗಿ ನೋಡಿದಾಗ ಮಲಗಿಸಿದ್ದರು. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಬಲಗೈಯ ಕಿರುಬೆರಳನ್ನು ಯಾರೋ ಮಡಚಲು ನೋಡುತ್ತಿದ್ದರು. ಬಿಡಿ, ಅದು ಹಾಗೇ ಇರಲಿ ಎಂದೆ.

ಹಳೇಬೀಡಿನಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ಬದುಕಿದ್ದಾಗ ಸಹಿ ಹಾಕಿ ಓಡಿಸಿದವರು ಸತ್ತಾಗ ಹೂವಿನ ಹಾರ ತಂದಿದ್ದರು. ಸಮುದಾಯ ಭವನದ ವೇದಿಕೆಯ ಮೇಲೆ ದೊಡ್ಡ ಫ್ಲೆಕ್ಸು, ಅದರಲ್ಲಿ ಅವರ ಫೋಟೋ, ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಬಿಳಿ ಕತ್ತಿನ ಗರುಡ. ಯಜಮಾನರೇ ಅಧ್ಯಕ್ಷರು. ಮೈಕು ಹಿಡಿದು ಕಣ್ಣೊರೆಸಿಕೊಂಡರು. "ನಮ್ಮ ತೋಟಕ್ಕೆ ಬಂದ ಗರುಡನ ಪ್ರಾಣ ಉಳಿಸಿದ ಮಹಾತಾಯಿ. ಮೊದಲು ನಾನು ಕೈಯಾರೆ ಎಣ್ಣೆ ಹಚ್ಚಿ ಆರೈಕೆ ಮಾಡಿದೆ, ಆಮೇಲೆ ಆ ತಾಯಿ ಮಾಡಿದ್ರು. ನಾವಿಬ್ರೂ ಸೇರಿ ಉಳಿಸಿದ್ವಿ" ಅಂದರು. ಚಪ್ಪಾಳೆ ಬಿತ್ತು.

ಮಾತಾಡುವವರ ಸಾಲಿನಲ್ಲಿ ನನ್ನ ಹೆಸರಿರಲಿಲ್ಲ. ಎದ್ದು ನಿಂತೆ. ಪಕ್ಕದವರು ಸೆರಗು ಹಿಡಿದು ಎಳೆದರು, ಬಿಡಿಸಿಕೊಂಡೆ.

"ಯಜಮಾನ್ರೇ, ಅದು ಗರುಡ ಅಲ್ಲ. ಕಡಲ ಹಕ್ಕಿ. ಅದನ್ನು ಕೊಲ್ಲೋ ಎಣ್ಣೆ ಹಚ್ಚಿದ್ದು ನೀವು. ತೊಳೆದದ್ದು ಅವರು. ಇಬ್ಬರೂ ಸೇರಿ ಮಾಡಿದ್ದಲ್ಲ. ನಿಮ್ಮ ಹಸುವನ್ನು ಕೊಂದದ್ದೂ ಅವರಲ್ಲ."

 ಯಜಮಾನರ ಮುಖ ಕೆಂಪಾಯಿತು. ಮೈಕಿನಲ್ಲೇ ಕೇಳಿದರು: "ಗರುಡ ಅಲ್ದಿದ್ರೆ ಯಾವ ಹಕ್ಕಿ ಅದು? ಸರಿಯಾದ ಹೆಸರು ಹೇಳಿ ನೋಡಾನ."

ಹಿಂದಿನ ಸಾಲಿನಲ್ಲಿ ಆಗಲೇ ನಗು ಶುರುವಾಗಿತ್ತು. ಆ ನಗು ನನಗೆ ಹೊಸದಲ್ಲ, ಆ ಹಜಾರದಲ್ಲಿ ಕೇಳಿದ್ದೇ. ಅದು ಯಾವ ಪೆಟ್ರೆಲ್ ಎಂಬ ಜಗಳ ಮಾತ್ರ ಕೊನೆಗೂ ಬಗೆಹರಿದಿರಲಿಲ್ಲ.

"ಗೊತ್ತಿಲ್ಲ ಯಜಮಾನ್ರೇ" ಎಂದೆ. "ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಗೊತ್ತಿದ್ದದ್ದಕ್ಕೇ ಅವರು ಎಣ್ಣೆ ಹಚ್ಚಲಿಲ್ಲ."

ಅಷ್ಟು ಹೇಳಿ, ವೇದಿಕೆ ಹತ್ತಿ, ಅವರ ಫೋಟೋದ ಪಕ್ಕದಲ್ಲಿದ್ದ ಗರುಡನನ್ನು ಫ್ಲೆಕ್ಸಿನಿಂದ ಹರಿದು ಮಡಚಿ ಕೈಲಿ ಹಿಡಿದುಕೊಂಡು ಮನೆಗೆ ನಡೆದೆ. ಯಾರೂ ತಡೆಯಲಿಲ್ಲ.